ಕೋಣೆ ಕಾಯಿಸಬೇಕಾ, ಹಾಸಿಗೆ ಕಾಯಿಸಬೇಕಾ? ಮೈಸೂರು ಚಳಿಗೆ ನಮ್ಮ ಮನೆಯ ಮೂರು ಹೀಟರ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಲೆಕ್ಟ್ರಿಕ್ ಬ್ಲಾಂಕೆಟ್‌ಗೆ. ಮೈಸೂರಿನ ಚಳಿಗೆ ಇಡೀ ಕೋಣೆ ಕಾಯಿಸಲು ಹೋಗುವುದು ದುಡ್ಡಿಗೂ ದಂಡ, ವೈರಿಂಗಿಗೂ ದಂಡ. ನಮ್ಮ ಮನೆಯಲ್ಲಿ ಎಣ್ಣೆ ತುಂಬಿದ ದೊಡ್ಡ ಹೀಟರ್ ಇದೆ, ಕೆಂಪಗೆ ಉರಿಯುವ ಕ್ವಾರ್ಟ್ಜ್ ಕಡ್ಡಿಯ ಸಣ್ಣ ಹೀಟರ್ ಇದೆ, ಹಾಸಿಗೆ ಮೇಲೆ ಹಾಸುವ ಬ್ಲಾಂಕೆಟ್ಟೂ ಇದೆ. ಮೂರನ್ನೂ ಚಳಿಗಾಲದಲ್ಲಿ ಬಳಸಿಯೇ ಬರೆಯುತ್ತಿದ್ದೇನೆ. ಪಕ್ಷಪಾತ ಅನ್ನಿಸಿದರೆ ಅನ್ನಿಸಲಿ.

ಇದೆಲ್ಲ ಶುರುವಾದದ್ದು ಅವ್ವನಿಂದ. ಮಂಡ್ಯ ಕಡೆಯ ನಾಲೆ ಪಕ್ಕದ ಊರಲ್ಲಿ ಇದ್ದಷ್ಟು ದಿನ ಅವರಿಗೆ ಚಳಿಯೇ ಗೊತ್ತಿರಲಿಲ್ಲವಂತೆ. ಕಬ್ಬಿನ ಗದ್ದೆ ಮೇಲೆ ಮಂಜು ಬಿದ್ದ ಬೆಳಗ್ಗೆ ಆಲೆಮನೆ ಒಲೆ ಮುಂದೆ ಹೋಗಿ ಕೂತರೆ ಮುಗಿಯಿತು, ಕೈಗೊಂದು ಲೋಟ ಬಿಸಿ ಪಾಕವೂ ಸಿಗುತ್ತಿತ್ತು. ಈಗ ಕುವೆಂಪುನಗರದ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಡಿಸೆಂಬರ್ ಬಂತೆಂದರೆ ಮಂಡಿ ಹಿಡಿದುಕೊಳ್ಳುತ್ತದೆ, ರಾತ್ರಿಯೆಲ್ಲ ಪಾದ ಐಸು.

ಉತ್ತರದವರು ಕೇಳಿದರೆ ನಗುತ್ತಾರೆ. ನಮ್ಮಲ್ಲಿ ಜನವರಿಯ ಮುಂಜಾವು ಸಾಮಾನ್ಯವಾಗಿ 15, 16 ಡಿಗ್ರಿ. 2012ರ ಜನವರಿಯಲ್ಲಿ ಮಾತ್ರ 7.7ಕ್ಕೆ ಇಳಿದಿತ್ತು, ಮೈಸೂರಿನಲ್ಲಿ ದಾಖಲಾದ ಕನಿಷ್ಠ ಅದೇ. ಆದರೆ ನಮ್ಮ ಮನೆಗಳನ್ನು ಕಟ್ಟಿರುವುದು ಸೆಕೆಗೆ. ಕಾವಿ ನೆಲ, ಗಾಜಿಲ್ಲದ ಜಾಲರಿ ವೆಂಟಿಲೇಟರ್, ಹೊಸ್ತಿಲಿಲ್ಲದ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವ್ವನ ರೂಮು ಬೆಳಗಿನ ಜಾವ ಆ ಗೆರೆಯ ಆಚೀಚೆ ಇರುತ್ತದೆ. ಅಂದರೆ ಕೊರತೆ ಒಂದೆರಡು ಡಿಗ್ರಿಯದ್ದು. ಅದಕ್ಕೆ ಎಂಥ ಹೀಟರ್ ಬೇಕು ಅನ್ನುವುದೇ ಪ್ರಶ್ನೆ.

ಎಣ್ಣೆ ಹೀಟರ್ ತಂದದ್ದು ನನ್ನ ತಮ್ಮ. ಅವನಿರುವುದು ಅಮೆರಿಕದ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ. ಒಂದು ಡಿಸೆಂಬರಿನಲ್ಲಿ ಬಂದವನು ಅವ್ವನ ಕಾಲು ಮುಟ್ಟಿ ನೋಡಿ ಅವತ್ತೇ ಆರ್ಡರ್ ಮಾಡಿದ. ಒಂಬತ್ತು ರೆಕ್ಕೆಯದು, ಚಕ್ರದ್ದು, ಒಂಬತ್ತು ಸಾವಿರದ ಹತ್ತಿರ. ಸದ್ದಿಲ್ಲ, ಬೆಳಕಿಲ್ಲ, ಮುಟ್ಟಿದರೆ ಬೆಂಕಿ ಹತ್ತುವ ಭಯವಿಲ್ಲ. ಒಳಗಿನ ಎಣ್ಣೆ ಖಾಲಿಯಾಗುವುದಿಲ್ಲ, ತುಂಬಿಸಬೇಕಾಗಿಲ್ಲ. ಇಷ್ಟೂ ನಿಜ.

ತೊಂದರೆ ಶುರುವಾದದ್ದು ಪ್ಲಗ್ಗಿನಲ್ಲಿ. 2000 ವಾಟ್‌ನ ಹೀಟರಿಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್. ನಮ್ಮದು ತೊಂಬತ್ತರ ದಶಕದ ಮನೆ. ದೊಡ್ಡ ಸಾಕೆಟ್ ಇರುವುದು ಎರಡೇ ಕಡೆ, ಬಚ್ಚಲಲ್ಲಿ ಗೀಸರಿಗೊಂದು, ಅಡುಗೆಮನೆಯಲ್ಲಿ ಗ್ರೈಂಡರಿಗೊಂದು. ಮಲಗುವ ರೂಮುಗಳಲ್ಲೆಲ್ಲ ಮೊಬೈಲು, ಟೇಬಲ್ ಫ್ಯಾನು ಚುಚ್ಚುವ ಸಣ್ಣ ಸಾಕೆಟ್ಟು. ಹೀಟರ್ ತಂದುಕೊಟ್ಟ ಹುಡುಗ ಜೇಬಿನಿಂದ ಒಂದು ಕನ್ವರ್ಷನ್ ಪ್ಲಗ್ ತೆಗೆದು, ಸಣ್ಣ ಸಾಕೆಟ್ಟಿಗೆ ಚುಚ್ಚಿ, "ಆಯ್ತು ಮೇಡಂ, ಆರಾಮಾಗಿ ಓಡ್ತದೆ" ಅಂತ ಹೇಳಿ ಹೋದ.

ಆರಾಮಾಗಿ ಓಡಿತು, ಊಟ ಮುಗಿಯುವವರೆಗೆ. ಆಮೇಲೆ ರೂಮಿನಲ್ಲಿ ಪ್ಲಾಸ್ಟಿಕ್ ಕಮಟು. ಸ್ವಿಚ್ ಬೋರ್ಡ್ ಮುಟ್ಟಿದರೆ ಇಸ್ತ್ರಿಪೆಟ್ಟಿಗೆ ಬಿಸಿ. ಕನ್ವರ್ಷನ್ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಒಳಕ್ಕೆ ಕುಸಿದಿತ್ತು. ಲೆಕ್ಕ ಹಾಕುವುದು ಕಷ್ಟವೇನಲ್ಲ: 2000ವನ್ನು 230 ವೋಲ್ಟಿನಿಂದ ಭಾಗಿಸಿದರೆ ಎಂಟೂಮುಕ್ಕಾಲು ಆಂಪ್ ಹತ್ತಿರ ಬರುತ್ತದೆ. ಸಾಕೆಟ್ ಇರುವುದು 6 ಆಂಪಿಗೆ. ಗೋಡೆಯೊಳಗಿನ ತಂತಿಯೂ ಲೈಟು, ಫ್ಯಾನಿನ ಸಣ್ಣ ತಂತಿಯೇ. ಮಿಕ್ಸಿ ಎರಡು ನಿಮಿಷ ತಿರುಗಿ ನಿಲ್ಲುತ್ತದೆ. ಹೀಟರ್ ಗಂಟೆಗಟ್ಟಲೆ ಎಳೆಯುತ್ತದೆ, ಬಿಸಿ ತಂತಿಯಲ್ಲೇ ಉಳಿಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದರೂ ಇದೇ ಹಣೆಬರಹ.

ಎಲೆಕ್ಟ್ರಿಷಿಯನ್ ಬಂದ. ಮೇನ್ ಬೋರ್ಡಿನಿಂದ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿ ದಪ್ಪ ತಂತಿ ಎಳೆಯಬೇಕು ಅಂದ. ಸರಿ ಅಂದೆವು. ಹಳೇ ಪೈಪಿನೊಳಗೆ ಸ್ಪ್ರಿಂಗ್ ತೂರಿಸಿದರೆ ಅರ್ಧಕ್ಕೇ ನಿಂತಿತು, ಒಳಗೆ ಸಿಮೆಂಟ್ ಕಟ್ಟಿಕೊಂಡಿತ್ತಂತೆ. ಗೋಡೆ ಕೊರೆಯೋಣವಾ ಅಂದ, ದಸರಾಕ್ಕೆ ತಾನೇ ಬಣ್ಣ ಹೊಡೆಸಿದ ಗೋಡೆ. ಕೊನೆಗೆ ಪ್ಲಾಸ್ಟಿಕ್ ಪಟ್ಟಿ ಹೊಡೆದು ಮೇಲಿಂದಲೇ ಎಳೆದ. ನಡುಮನೆ ದಾಟಿ, ದೇವರಮನೆ ಬಾಗಿಲ ಮೇಲೆ ಹಾದು, ಅವ್ವನ ಮಂಚದ ತಲೆದೆಸೆಗೆ ಇಳಿಯಿತು. ತಂತಿ, ಬಾಕ್ಸು, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಹೀಟರ್ ಬೆಲೆಗೆ ಇದನ್ನೂ ಕೂಡಿಸಿಕೊಳ್ಳಿ.

ಅಲ್ಲಿಗಾದರೂ ಮುಗಿಯಿತೇ? ಬೆಳಗ್ಗೆ ಆರಕ್ಕೆ ಗೀಸರ್ 2000 ವಾಟ್, ಹೀಟರ್ 2000 ವಾಟ್, ಅದೇ ಹೊತ್ತಿಗೆ ನೀರು ಬಂತು ಅಂತ ಸಂಪಿನ ಮೋಟಾರ್ ಹಾಕಿದರೆ ಮೇನ್ ಟಪ್ ಅಂತ ಬೀಳುತ್ತದೆ. ಆಮೇಲೆ ಒಂದು ವೇಳಾಪಟ್ಟಿಯೇ ಮಾಡಿಕೊಂಡೆವು, ಯಾರ ಸ್ನಾನ ಯಾವಾಗ, ಮೋಟಾರ್ ಯಾವಾಗ, ಹೀಟರ್ ಯಾವಾಗ ಅಂತ. ಚಳಿಗೆ ಬಿಸಿನೀರು ಬೇಕಾದ ಹೊತ್ತೂ ಹೀಟರ್ ಬೇಕಾದ ಹೊತ್ತೂ ಒಂದೇ ಆದಾಗ ವೇಳಾಪಟ್ಟಿ ಏನು ಮಾಡೀತು!

ಇಷ್ಟೆಲ್ಲ ಮಾಡಿದ ಮೇಲೆ ರೂಮು ಬೆಚ್ಚಗಾಯಿತಾ? ಅರ್ಧ ಗಂಟೆ ಬೇಕು ಅದು ಬಿಸಿ ಉಗುಳಲು. ಬಿಸಿಗಾಳಿ ಮೇಲಕ್ಕೇರಿ ನೆಟ್ಟಗೆ ವೆಂಟಿಲೇಟರ್ ಜಾಲರಿಯಿಂದ ಹೊರಗೆ ಹೋಗುತ್ತದೆ. ರಟ್ಟು ಕತ್ತರಿಸಿ ಮುಚ್ಚಿದ ಮೇಲೆ ಸ್ವಲ್ಪ ವಾಸಿ. ಅವ್ವನ ತೀರ್ಪು ಇನ್ನೂ ಚುರುಕು: "ಅದೇನ್ ಮಗಾ, ಆ ಪೆಟ್ಟಿಗೆ ಬಿಸಿ ಆಯ್ಕಂಡು ತನ್ ಪಾಡಿಗೆ ಕೂತದೆ, ನನ್ ಕಾಲು ತಣ್ಣಗೇ ಅವೆ."

ಕ್ವಾರ್ಟ್ಜ್ ಹೀಟರ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸಾವಿರದೈನೂರರೊಳಗೆ ಬರುತ್ತದೆ, ಎರಡು ಕಡ್ಡಿ ಹಾಕಿದರೂ 800 ವಾಟ್, ಸಣ್ಣ ಸಾಕೆಟ್ಟೇ ಸಾಕು. ಹಾಕಿದ ಕ್ಷಣ ಮೈಗೆ ಬಿಸಿ ತಾಗುತ್ತದೆ, ಏಕೆಂದರೆ ಅದು ಗಾಳಿಯನ್ನಲ್ಲ, ಎದುರಿಗೆ ಕೂತವರನ್ನು ಕಾಯಿಸುತ್ತದೆ. ಬೆಳಗ್ಗೆ ಪೇಪರ್ ಓದುತ್ತಾ ಕಾಫಿ ಕುಡಿಯುವ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ರಾತ್ರಿಗೆ ಮಾತ್ರ ಬೇಡವೇ ಬೇಡ. ಮೈಸೂರಿನಲ್ಲಿ ಸೊಳ್ಳೆಪರದೆ ಇಲ್ಲದ ಮಂಚ ಎಲ್ಲಿದೆ ಹೇಳಿ? ಗಾಳಿಗೆ ಪರದೆ ಹಾರಿ ಆ ಕೆಂಪು ಕಡ್ಡಿಗೆ ತಾಗಿದರೆ ಮುಗಿಯಿತು. ಸೀರೆ ಸೆರಗಿಗೂ ಇದೇ ಮಾತು. ಅಂದಹಾಗೆ, ಇದು ರೂಮಿನ ಆಮ್ಲಜನಕವನ್ನು ಸುಡುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದರು. ಕರೆಂಟಿನ ಹೀಟರ್ ಯಾವುದೂ ಆಮ್ಲಜನಕ ಸುಡುವುದಿಲ್ಲ. ಗಾಳಿ ಬಿಸಿಯಾದಾಗ ಒಣಗಿದಂತಾಗುತ್ತದೆ, ಮೂಗು, ತುಟಿ ಉರಿಯುವುದು ಅದಕ್ಕೆ.

ಬ್ಲೋವರ್ ಹೀಟರ್ ನಾದಿನಿ ಮನೆಯಲ್ಲಿ ನೋಡಿದ್ದೇನೆ. ಸದ್ದು, ಧೂಳಿನ ವಾಸನೆ. ಬೇಡ.

ಈಗ ನನ್ನ ಮೆಚ್ಚಿನದು. ಒಂಟಿ ಮಂಚದ ಎಲೆಕ್ಟ್ರಿಕ್ ಬ್ಲಾಂಕೆಟ್ ಸುಮಾರು ಸಾವಿರದೈನೂರು. ಹೆಸರು ಬ್ಲಾಂಕೆಟ್ ಆದರೂ ಹೊದೆಯುವುದಲ್ಲ, ಹಾಸಿಗೆಗೂ ಬೆಡ್‌ಶೀಟಿಗೂ ನಡುವೆ ಹಾಸಿ ನಾಲ್ಕು ಮೂಲೆ ಕಟ್ಟುವುದು. ನಮ್ಮದು ಜೋರಾಗಿಟ್ಟರೆ 100 ವಾಟ್, ಒಂದು ಟ್ಯೂಬ್‌ಲೈಟು, ಒಂದು ಫ್ಯಾನಿನಷ್ಟು. ಊಟಕ್ಕೆ ಕೂರುವ ಮುಂಚೆ ಹಾಕಿ, ಅವ್ವ ಮಲಗಿದ ಸ್ವಲ್ಪ ಹೊತ್ತಿಗೆ ಆರಿಸುತ್ತೇನೆ. ಮೇಲೆ ಅವರದೇ ಕರೀ ಕಂಬಳಿ ಹೊದ್ದರೆ ಒಳಗಿನ ಬಿಸಿ ಬೆಳಗಿನವರೆಗೂ ನಿಲ್ಲುತ್ತದೆ. ಕಂಬಳಿಯನ್ನು ಅವ್ವ ಯಾರಿಗೂ ಮುಟ್ಟಗೊಡುವುದಿಲ್ಲ.

ದುಡ್ಡಿನ ಲೆಕ್ಕದಲ್ಲಂತೂ ಹೋಲಿಕೆಯೇ ಇಲ್ಲ. ಎಣ್ಣೆ ಹೀಟರ್ ರಾತ್ರಿ ಆರು ಗಂಟೆ ಇಟ್ಟು, ಥರ್ಮೋಸ್ಟಾಟ್ ಅರ್ಧ ಹೊತ್ತು ಆರಿಸಿತು ಅಂದುಕೊಂಡರೂ 6 ಯೂನಿಟ್, ತಿಂಗಳಿಗೆ 180. ಬ್ಲಾಂಕೆಟ್ ರಾತ್ರಿಗೆ ಎರಡು ಗಂಟೆ ಅಂದರೆ ತಿಂಗಳಿಗೆ 6 ಯೂನಿಟ್. ಅದು ಒಂದು ರಾತ್ರಿಯಲ್ಲಿ ತಿನ್ನುವುದನ್ನು ಇದು ತಿಂಗಳಿಡೀ ತಿನ್ನುತ್ತದೆ.

ಗೃಹಜ್ಯೋತಿ (ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ) ಇರುವ ಮನೆಗಳಿಗೆ ಇದು ಇನ್ನೂ ಮುಖ್ಯ. ನಮ್ಮಂಥ ಮನೆಗೆ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಉಚಿತ. ಅದನ್ನು ಮೀರಿ 200 ಯೂನಿಟ್ಟಿನೊಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಗೆ. ನಮ್ಮ ಸರಾಸರಿ 130ರ ಆಸುಪಾಸು. ಬ್ಲಾಂಕೆಟ್ ಹಾಕಿದರೆ ಸೊನ್ನೆ ಬಿಲ್ಲು ಸೊನ್ನೆಯಾಗಿಯೇ ಇರುತ್ತದೆ. ಎಣ್ಣೆ ಹೀಟರ್ ಹಾಕಿದ ತಿಂಗಳು 300 ದಾಟಿ, ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ ಪೂರ್ತಿ ಕಟ್ಟಿದೆವು. ಹೀಟರ್ ಕಾಯಿಸಿದ್ದಕ್ಕಷ್ಟೇ ಅಲ್ಲ, ಫ್ರಿಜ್ಜು, ಫ್ಯಾನು, ಗೀಸರು ಎಲ್ಲದಕ್ಕೂ.

ತಮ್ಮನಿಗೆ ಇದನ್ನು ಹೇಳಿದರೆ, "ಅಕ್ಕಾ, ನಿಂಗೆ ನಿಜವಾದ ಚಳಿ ಗೊತ್ತಿಲ್ಲ" ಅನ್ನುತ್ತಾನೆ. ಅವನ ಮಾತೂ ಸುಳ್ಳಲ್ಲ. 2021ರ ಫೆಬ್ರವರಿಯಲ್ಲಿ ಡಲ್ಲಾಸ್ ಮೈನಸ್ 19ಕ್ಕೆ ಇಳಿದಿತ್ತು. ಟೆಕ್ಸಸ್‌ನಲ್ಲಿ ಆ ಫೆಬ್ರವರಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಲ್ಲಿದ್ದವು. ತಮ್ಮನ ಮನೆಯಲ್ಲಿ ಗ್ಯಾಸಿನ ಹೀಟರ್ ಇತ್ತು, ಗ್ಯಾಸೂ ಇತ್ತು, ಬಿಸಿಗಾಳಿ ತಳ್ಳುವ ಫ್ಯಾನಿಗೆ ಮಾತ್ರ ಕರೆಂಟಿರಲಿಲ್ಲ. ಪೈಪು ಒಡೆಯದಿರಲಿ ಅಂತ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಮನೆಮಂದಿಯೆಲ್ಲ ಒಂದೇ ರೂಮಿನಲ್ಲಿ, ಬಾಗಿಲ ಸಂದಿಗೆ ಟವಲ್ ತುರುಕಿ, ಇದ್ದಬದ್ದ ರಜಾಯಿ ಹೊದ್ದು ಮಲಗಿದ್ದರಂತೆ.

ಅವನ ಕಥೆ ಕೇಳಿದಷ್ಟೂ ನನ್ನ ವಾದವೇ ಗಟ್ಟಿಯಾಗುತ್ತದೆ. ಕರೆಂಟು ಹೋದರೆ 2000 ವಾಟಿನ ಪೆಟ್ಟಿಗೆ ಕಬ್ಬಿಣದ ಗುಜರಿ, ಮನೆ ಇನ್ವರ್ಟರ್ ಅದನ್ನು ಎತ್ತುವುದಿಲ್ಲ. 100 ವಾಟಿನ ಬ್ಲಾಂಕೆಟ್ಟನ್ನು ನಮ್ಮ ಇನ್ವರ್ಟರ್ ಫ್ಯಾನಿನ ಜೊತೆಗೇ ಓಡಿಸುತ್ತದೆ.

ಅಗ್ಗಿಷ್ಟಿಕೆ ಒಂದಿದ್ದರೆ ಸಾಕಿತ್ತು ಅನ್ನುವ ಹಿರಿಯರು ಇನ್ನೂ ಇದ್ದಾರೆ. ಬಾಣಂತಿ ಕೋಣೆಯಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಉದುರಿಸಿದ ಮನೆಗಳು ನಮ್ಮವೂ ಹೌದು. ಆಗ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಆರ್‌ಸಿಸಿ ರೂಮಿನ ಕಿಟಕಿ, ವೆಂಟಿಲೇಟರ್ ಮುಚ್ಚಿ ಕೆಂಡವಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಟೆಕ್ಸಸ್‌ನಲ್ಲೂ ಆ ವಾರ ಇದ್ದಿಲು ಗ್ರಿಲ್ಲನ್ನು ಮನೆಯೊಳಗೆ ತಂದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟವರು ಹೀಗೇ ಸತ್ತರು. ಇದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ.

ರಬ್ಬರಿನ ಬಿಸಿನೀರಿನ ಚೀಲ ಅಗ್ಗ, ಆದರೆ ನಡುರಾತ್ರಿಗೆ ತಣ್ಣೀರು. ಅದರ ಮುಚ್ಚಳ ಬಿಗಿಯಾಗಿ ತಿರುಗಿಸಲು ಅವ್ವನ ಬೆರಳಿಗೆ ಆಗುವುದಿಲ್ಲ.

ಬ್ಲಾಂಕೆಟ್ ಎಲ್ಲರಿಗೂ ಆಗುತ್ತದೆ ಅನ್ನಲಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಹೆಚ್ಚಾದದ್ದು ತಿಳಿಯದೆ ಸುಟ್ಟೀತು. ಅಂಥವರಿಗೆ ಹಾಸಿಗೆ ಕಾಯಿಸಿ, ಆರಿಸಿ, ಆಮೇಲೆ ಮಲಗಿಸಬೇಕು. ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಿಗೆ, ವಯಸ್ಸಾದವರಿಗೆ ಬೇಡ. ದಿನವಿಡೀ ನಡುಮನೆಯಲ್ಲಿ ಕೂರುವವರಿಗೂ ಇದರಿಂದ ಉಪಯೋಗವಿಲ್ಲ. ಹೊಸ ಫ್ಲ್ಯಾಟು, ರೂಮು ರೂಮಿಗೂ ಎಸಿ ಪಾಯಿಂಟು, ಗೃಹಜ್ಯೋತಿಯ ಹಂಗಿಲ್ಲ ಅನ್ನುವವರು ಎಣ್ಣೆ ಹೀಟರ್ ಧಾರಾಳವಾಗಿ ಕೊಳ್ಳಲಿ, ಬೇಕಾದರೆ ನಮ್ಮದನ್ನೇ ಕೊಡುತ್ತೇನೆ. ತಮ್ಮನಿಗೆ ಮಾತ್ರ ಹೇಳಬೇಡಿ.

ಕೊಳ್ಳುವಾಗ ಕಂಟ್ರೋಲರ್ ವೈರು ಕಳಚಿ ಬರುವಂಥದ್ದನ್ನೇ ನೋಡಿ, ತಾನಾಗಿ ಆರುವ ಟೈಮರ್ ಇರಲಿ. ಚಳಿ ಮುಗಿದ ಮೇಲೆ ಮಡಚಿ ಬೀರುವಿನಲ್ಲಿ ಒತ್ತಿ ಇಡಬಾರದು, ಒಳಗಿನ ತಂತಿ ಮಡಿಕೆಯಲ್ಲಿ ಮುರಿಯುತ್ತದೆ. ನಾನು ಚಾಪೆಯ ಹಾಗೆ ಸುತ್ತಿ ಅಟ್ಟದ ಮೇಲೆ ನಿಲ್ಲಿಸುತ್ತೇನೆ.