ಪಿಕಪ್ ಬ್ರೇಕ್ ಪ್ಯಾಡ್: ಮಾಲು ಚೆನ್ನಾಗಿದೆ, ಕ್ಲಿಪ್ ಕೊಟ್ಟಿಲ್ಲ

ನಮ್ಮ ಬೊಲೆರೊ ಪಿಕಪ್ಪಿನಲ್ಲಿ ಮಂಡ್ಯ ಮಾರ್ಕೆಟ್ಟಿಗೆ ಬೆಲ್ಲ ಹೊಡೆಯುತ್ತೇನೆ. ಮುಂದಿನ ಬ್ರೇಕ್ ಕಿರ್ ಅನ್ನುತ್ತಿತ್ತು. ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಪ್ಯಾಡ್ ಸೆಟ್ ತಂದು ಮನೆ ಮುಂದೆಯೇ ಹಾಕಿದೆ. ಅಳತೆಗೆ ಸರಿಯಾಗಿ ಕೂತಿತು. ಆದರೆ ಡಬ್ಬದಲ್ಲಿ ಪ್ಯಾಡ್ ಅಲುಗದಂತೆ ಹಿಡಿಯುವ ಕ್ಲಿಪ್ ಇಲ್ಲ, ಹಳೆಯದನ್ನೇ ತಂತಿ ಬ್ರಶ್‌ನಲ್ಲಿ ಉಜ್ಜಿ ಹಾಕಬೇಕಾಯಿತು. ಅಷ್ಟು ದುಡ್ಡು ತಗೊಂಡು ಇದನ್ನೂ ಕೊಡಬಾರದಾ?

ನೀವೇ ಹಾಕುವುದಾದರೆ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಸಿ-ಕ್ಲಾಂಪ್‌ನಲ್ಲಿ ನಿಧಾನವಾಗಿ ಒಳಕ್ಕೆ ತಳ್ಳಿ. ಆಗ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಚೆಲ್ಲಿದರೆ ಗಾಡಿಯ ಪೇಂಟ್ ಹಾಳು. ಪ್ಯಾಡ್ ಕೂರುವ ಕ್ಯಾಲಿಪರನ್ನು ಬ್ರೇಕ್ ಆಯಿಲ್ ಹೋಸ್ ಮೇಲೆ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ತುಳಿಯಲೇಬೇಕು. ಇಲ್ಲಾಂದ್ರೆ ಮೊದಲ ಸಲ ಬ್ರೇಕೇ ಹಿಡಿಯುವುದಿಲ್ಲ.

ಈಗ ಲೋಡ್ ಇದ್ದರೂ ಗಾಡಿ ನೆಟ್ಟಗೆ ನಿಲ್ಲುತ್ತದೆ, ಸದ್ದಿಲ್ಲ. ಚಕ್ರಕ್ಕೆ ಕಪ್ಪು ಪುಡಿ ಸ್ವಲ್ಪ ಜಾಸ್ತಿ ಕೂರುತ್ತದೆ ಅಷ್ಟೇ.