ಬೀಗ ಬಿದ್ದ ಹಳೆ ಮನೆಯೋ, ಹೊಸ ಮನೆಯೋ?

2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲೇ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಹಳ್ಳಿಯಲ್ಲೂ ಬೀಗ ಬಿದ್ದ ಮನೆಗಳಿಗೆ ಬರವಿಲ್ಲ. ಹಳೆಯದನ್ನೇ ರಿಪೇರಿ ಮಾಡದೆ ಮತ್ತೆ ಹೊಸದು ಕಟ್ಟುವುದು ಯಾಕೆ, ಅಲ್ವಾ?

ಹಳೆ ಮನೆಗೆ ದಾರಿ, ನೀರು, ಕರೆಂಟು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೋಡೆ ಗಟ್ಟಿಯಿದ್ದರೆ ಅರ್ಧ ಗೆದ್ದಂತೆ. ಆದರೆ ಮೊದಲು ಛಾವಣಿ ನೋಡಿ. ಹೆಂಚು ಬದಲಿಸುವುದು ಸುಲಭ, ಗೆದ್ದಲು ತಿಂದ ಮರ ಬದಲಿಸುವುದು ದುಬಾರಿ. ಅದಕ್ಕಿಂತ ದೊಡ್ಡ ತಲೆನೋವು ಮನೆಯ ಖಾತೆ. ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪಾಲುದಾರರೆಲ್ಲ ಒಪ್ಪಬೇಕು. ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಮಾತೇ ಬಿಟ್ಟಿರುತ್ತಾರೆ!

ಹೊಸದಕ್ಕೆ ಸ್ವಂತ ನಿವೇಶನ ಬೇಕು. ಅರ್ಹ ಬಡವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಬಯಲು ಹಳ್ಳಿಗಳಲ್ಲಿ 1.20 ಲಕ್ಷ ರೂಪಾಯಿ ನೆರವಿದೆ. ಅಷ್ಟರಲ್ಲೇ ಮನೆ ಮುಗಿಯುವುದು ಕಷ್ಟ.

ಪತ್ರ ಸರಿಯಿದ್ದರೆ ನಾನಂತೂ ರಿಪೇರಿಗೇ ಕೈ ಹಾಕುತ್ತೇನೆ.