ಸೌತೆಕಾಯಿ, ಸಿಹಿಕುಂಬಳ, ವೇಫರ್: ನಮ್ಮನೆ ಪಾಚಿ ಮೀನು ಯಾವುದಕ್ಕೆ ಬಾಯಿ ಹಾಕಿತು

"ಅದಕ್ಕೇನೂ ಹಾಕ್ಬೇಡಿ ಮೇಡಂ. ಗಾಜಿನ ಮೇಲಿನ ಪಾಚಿ ತಿಂದ್ಕೊಂಡು ಅದರ ಪಾಡಿಗೆ ಅದು ಇರುತ್ತೆ."

ನನ್ನ ಮೊದಲ ಸಕ್ಕರ್ ಮೀನನ್ನು ಕವರಿಗೆ ಹಾಕಿ ಕೊಡುತ್ತಾ ಅಂಗಡಿಯ ಹುಡುಗ ಹೇಳಿದ ಮಾತು ಇದು. ನಂಬಿದೆ. ಟ್ಯಾಂಕೂ ತೊಳೆಯುತ್ತೆ, ಊಟವೂ ಕೇಳಲ್ಲ ಅಂದರೆ ಯಾರಿಗೆ ಬೇಡ? ಎರಡು ತಿಂಗಳಲ್ಲಿ ಗಾಜು ಫಳಫಳ ಹೊಳೆಯಿತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಒಂದು ದಿನ ಮೀನು ಮುಂದಿನ ಗಾಜಿಗೆ ಅಂಟಿಕೊಂಡಾಗ ಅದರ ಹೊಟ್ಟೆ ನೋಡಿದೆ. ತುಸು ದುಂಡಗಿರಬೇಕಾದ ಹೊಟ್ಟೆ ತಿಂಗಳ ಕೊನೆಯ ಪರ್ಸಿನ ಹಾಗೆ ಒಳಗೆ ಹೋಗಿತ್ತು. ಕಣ್ಣೂ ಗುಳಿಬಿದ್ದಿತ್ತು. ಆ ವಾರವೇ ಸತ್ತಿತು. ಗಾಜು ಹೊಳೆಯುತ್ತಿದೆ ಅಂದರೆ ಅದರ ತಟ್ಟೆ ಖಾಲಿಯಾಗಿದೆ ಅಂತ. ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಅದು ಬದುಕಿದ್ದರೂ ಕಷ್ಟವೇ ಇತ್ತು ಬಿಡಿ. ಅಂಗಡಿಯಲ್ಲಿ ಬೆರಳುದ್ದ ಇರುವ ಸಾಮಾನ್ಯ ಸಕ್ಕರ್ ಒಂದು ಅಡಿ ದಾಟಿ ಬೆಳೆಯುವ ಜಾತಿ. ದಕ್ಷಿಣ ಅಮೆರಿಕದ ಮೀನು. ಸಾಕಲಾಗದವರು ಕೆರೆಗೆ, ಕಾಲುವೆಗೆ ಬಿಟ್ಟು ಬಿಟ್ಟು ಆಂಧ್ರ, ಕೇರಳದ ಕಡೆ ಈಗ ಬೆಸ್ತರ ಬಲೆ ಹರಿಯುವ ಪೀಡೆಯಾಗಿದೆ. ನಮ್ಮ ತುಮಕೂರಿನ ಅಮಾನಿಕೆರೆಗೆ ಯಾರೂ ಬಿಡದಿರಲಿ.

ಈಗ ಇರುವುದು ಅದೇ ಸಕ್ಕರ್ ಬಳಗದ ಎರಡು ಬ್ರಿಸಲ್‌ನೋಸ್. ಮೂತಿಯ ಮೇಲೆ ಮೀಸೆ ಕವಲೊಡೆದಂತೆ ಕುಚ್ಚು ಇರುತ್ತದಲ್ಲ, ಅದು. ಬೆಳೆದರೂ ಗೇಣುದ್ದ ಬರುವುದಿಲ್ಲ. ಎರಡೂವರೆ ಅಡಿ ಉದ್ದದ ಟ್ಯಾಂಕ್, ಸುಮಾರು 100 ಲೀಟರ್ ನೀರು, ಜೊತೆಗೆ ಮೋಲಿ ಅನ್ನೋ ಸಣ್ಣ ಮೀನು ಆರು. ತುಮಕೂರಿನ ನಮ್ಮ ಏರಿಯಾದಲ್ಲಿ ಎರಡು ನೀರು ಸಿಗುತ್ತದೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿಯ ನಲ್ಲಿ ನೀರು, ಮತ್ತೆ ಮನೆಯ ಬೋರ್ ನೀರು. ಬೋರ್ ನೀರು ಗಡಸು, ಗಾಜಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ಮೋಲಿಗಳಿಗೆ ಅದೇ ಇಷ್ಟ. ಬ್ರಿಸಲ್‌ನೋಸ್ ಎರಡಕ್ಕೂ ಹೊಂದಿಕೊಂಡಿವೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಕೆಟ್‌ನಲ್ಲಿ ಬಿಟ್ಟು ಹಾಕುತ್ತೇನೆ.

ಈ ಸಲ ಯಾರ ಮಾತನ್ನೂ ಕೇಳಲಿಲ್ಲ. ಒಂದೊಂದು ಆಹಾರಕ್ಕೆ ಎರಡು ವಾರ ಕೊಟ್ಟೆ. ರಾತ್ರಿ ಹತ್ತಕ್ಕೆ ಲೈಟ್ ಆರಿಸಿ ಹಾಕೋದು, ಹನ್ನೊಂದಕ್ಕೆ ಮೊಬೈಲ್ ಟಾರ್ಚ್‌ನಲ್ಲಿ ಇಣುಕೋದು, ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಎಷ್ಟು ಉಳಿದಿದೆ ನೋಡೋದು. ನೀರು ಹೇಗಿದೆ, ಹೊಟ್ಟೆ ಹೇಗಿದೆ ಅಂತಲೂ ನೋಡುತ್ತಿದ್ದೆ. ಎರಡೇ ಮೀನು, ಒಂದೇ ಟ್ಯಾಂಕ್. ಇದು ಲ್ಯಾಬ್ ಅಲ್ಲ, ನಮ್ಮನೆ ಹಾಲ್.

ಮೊದಲು ವೇಫರ್, ಅಂದರೆ ಪಾಚಿ ಮೀನಿಗೆಂದೇ ಪ್ಯಾಕೆಟ್‌ನಲ್ಲಿ ಸಿಗುವ ಆಹಾರ. ಹಸಿರು ಬಿಲ್ಲೆ, ಗುಳಿಗೆಯ ಹಾಗಿರುತ್ತದೆ, ಹಾಕಿದ ತಕ್ಷಣ ಮುಳುಗುತ್ತದೆ. ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಮೊದಲ ದಿನ ಸಂಜೆ ಲೈಟ್ ಇರುವಾಗಲೇ ಹಾಕಿದೆ. ಐದು ನಿಮಿಷದಲ್ಲಿ ಆರೂ ಮೋಲಿ ಅದರ ಮೇಲೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ. ಬ್ರಿಸಲ್‌ನೋಸ್ ಇರುಳಿನ ಮೀನು. ತೆಂಗಿನ ಚಿಪ್ಪಿನ ಗೂಡಿನಿಂದ ಅದು ನಿಧಾನಕ್ಕೆ ಹೊರಗೆ ಬರುವಷ್ಟರಲ್ಲಿ ಎಲೆ ಎತ್ತಿಯಾಗಿತ್ತು. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದ ಮೇಲೆಯೇ ಇವಕ್ಕೆ ಸಿಕ್ಕಿದ್ದು.

ಪ್ಯಾಕೆಟ್ ತಿರುಗಿಸಿ ಓದಿದಾಗ ಇನ್ನೊಂದು ಗೊತ್ತಾಯಿತು. ಮುಂದೆ ದೊಡ್ಡದಾಗಿ ಪಾಚಿ ಅಂತ ಇದೆ. ಹಿಂದೆ ಪಟ್ಟಿಯಲ್ಲಿ ಮೊದಲ ಹೆಸರೇ ಮೀನಿನ ಪುಡಿ. ಸ್ಪಿರುಲಿನಾ ಅನ್ನೋ ಪಾಚಿ ಆಮೇಲೆ ಬರುತ್ತದೆ. ಅದು ಮೋಸ ಅಂತಲ್ಲ, ಈ ಮೀನಿಗೂ ಸ್ವಲ್ಪ ಪ್ರೋಟೀನ್ ಬೇಕು. ಆದರೆ ಸೊಪ್ಪು ಸದೆ ಅರಗಿಸುವ ಮೀನಿನ ಕರುಳು ಉದ್ದ, ಸುರುಳಿ ಸುರುಳಿ. ದಿನಾ ಗಟ್ಟಿ ಊಟ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ನಾನು ಎರಡಕ್ಕೂ ಸೇರಿ ಒಂದು ಬಿಲ್ಲೆ ಹಾಕುತ್ತಿದ್ದೆ. ಒಂದು ರಾತ್ರಿ ಧಾರಾಳವಾಗಿ ಮೂರು ಹಾಕಿದೆ. ಬೆಳಿಗ್ಗೆ ಉಳಿದದ್ದು ಹಿಟ್ಟಿನ ಹಾಗೆ ಕಲ್ಲಿನ ಸಂದಿಗೆ ಇಳಿದಿತ್ತು. ಅದನ್ನು ಪೈಪ್ ಹಾಕಿ ಎಳೆಯುವಷ್ಟರಲ್ಲಿ ಸೊಂಟ ಹೋಯಿತು.

ಆಮೇಲೆ ಸೌತೆಕಾಯಿ. ಯಾರನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾರೆ. ಅಂತರಸನಹಳ್ಳಿ ಮಾರ್ಕೆಟ್ ಹತ್ತಿರವೇ ಇರುವುದರಿಂದ ನಮಗೆ ಎಳೆ ಸೌತೆಗೆ ಬರವಿಲ್ಲ. ಚೆನ್ನಾಗಿ ತೊಳೆದು, ತುದಿ ಕೊಯ್ದು ಉಜ್ಜಿ ನೊರೆ ತೆಗೆದು, ಒಂದು ಚೂರು ನಾನೇ ತಿಂದು ಕಹಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹಾಕಿದೆ. ತೇಲಿತು. ಮೋಲಿಗಳು ಅದನ್ನು ಫುಟ್‌ಬಾಲ್ ಆಡಿದವು. ಕೊನೆಗೆ ಸ್ಟೀಲ್ ಫೋರ್ಕ್‌ಗೆ ಚುಚ್ಚಿ ಮುಳುಗಿಸಿದೆ. ಅತ್ತೆ ಬಂದು ಟ್ಯಾಂಕ್ ನೋಡಿದರು, ನನ್ನನ್ನು ನೋಡಿದರು. "ಇನ್ನು ಸ್ವಲ್ಪ ದಿನಕ್ಕೆ ಎಲೆ ಹಾಕಿ ಉಪ್ಪು, ಉಪ್ಪಿನಕಾಯಿ ಬಡಿಸ್ತೀಯೇನಮ್ಮಾ?" ಅಂದರು.

ಬೆಳಿಗ್ಗೆ ಎದ್ದು ನೋಡಿದರೆ ಫೋರ್ಕ್‌ನಲ್ಲಿ ಒಂದು ಹಸಿರು ಬಳೆ ಇತ್ತು. ತಿರುಳು, ಬೀಜ ಎಲ್ಲ ಖಾಲಿ, ಸಿಪ್ಪೆಯ ಉಂಗುರ ಮಾತ್ರ ಉಳಿದಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ಉಂಗುರದ ಒಳಮೈಯಲ್ಲಿ ಸಣ್ಣ ಸಣ್ಣ ಗೀರು. ಇವು ಕಚ್ಚುವುದಿಲ್ಲ, ತುರಿಯುತ್ತವೆ. ಬಾಯಿಯೊಳಗೆ ಸಾಲು ಸಾಲು ಪುಟ್ಟ ಹಲ್ಲು, ಥೇಟ್ ತುರಿಮಣೆ. ಅವತ್ತಿನಿಂದ ನಮ್ಮನೆಯಲ್ಲಿ ಅವುಗಳ ಹೆಸರು ದೊಡ್ಡ ತುರಿಮಣೆ, ಚಿಕ್ಕ ತುರಿಮಣೆ.

ಹಾಗಾದರೆ ಸೌತೆಕಾಯಿಯೇ ಗೆದ್ದಿತಾ? ಇಲ್ಲ. ತಿಂದಿದ್ದು ನಿಜ, ಆದರೆ ಎರಡು ವಾರದ ಕೊನೆಗೆ ಹೊಟ್ಟೆ ಮತ್ತೆ ಚಪ್ಪಟೆಯಾಗಿತ್ತು. ಸೌತೆಕಾಯಿಯಲ್ಲಿ ನೂರಕ್ಕೆ 95 ಭಾಗ ನೀರೇ. ಊಟ ಅಂತ ಬರೀ ಮಜ್ಜಿಗೆ ಕುಡಿದ ಹಾಗೆ. ಬಾಯಿಗೆ ಹಿತ, ಮೈಗೆ ಹತ್ತಲ್ಲ.

ಜೊತೆಗೆ ಅದು ಬೇಗ ಕೆಡುತ್ತದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ತಿಪಟೂರಿನಲ್ಲಿ ತಂಗಿ ಮನೆಗೆ ಹೋಗುವ ಅವಸರದಲ್ಲಿ ದಪ್ಪ ಹೋಳೊಂದನ್ನು ಟ್ಯಾಂಕಿಗೆ ಹಾಕಿ ಹೋಗಿಬಿಟ್ಟೆ. ಎರಡು ದಿನ ಬಿಟ್ಟು ಬಾಗಿಲು ತೆಗೆದರೆ ಹಾಲ್‌ನಲ್ಲೆಲ್ಲ ಮುಗ್ಗಲು ವಾಸನೆ. ಟ್ಯಾಂಕ್ ನೀರು ಅಕ್ಕಿ ತೊಳೆದ ನೀರಿನಂತೆ ಬಿಳಿಚಿತ್ತು. ಮೋಲಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ ನೀರಿನ ಆಮ್ಲಜನಕ ಎಳೆದುಕೊಂಡಿರುತ್ತದೆ, ಮೇಲಿಂದ ಅಮೋನಿಯಾ ಬೇರೆ. ಅವತ್ತು ಮೂರನೇ ಒಂದು ಭಾಗ ನೀರು ಬದಲಿಸಿದೆ, ಮಾರನೇ ದಿನ ಇನ್ನೊಂದಿಷ್ಟು. ಒಂದು ಮೋಲಿ ಹೋಯಿತು. ಈಗ ಯಾವ ತರಕಾರಿ ಆದರೂ ರಾತ್ರಿ ಹಾಕಿದ್ದು ಬೆಳಿಗ್ಗೆ ಹೊರಗೆ.

ಹೀರೇಕಾಯಿಗೂ ಒಂದು ಅವಕಾಶ ಕೊಟ್ಟೆ. ಸಿಪ್ಪೆ ಹೆರೆದು ಕುದಿಯುವ ನೀರಿನಲ್ಲಿ ಎರಡು ನಿಮಿಷ. ತಿನ್ನುತ್ತವೆ, ಆದರೆ ತಿರುಳು ನಾರು ನಾರಾಗಿ ಬಿಟ್ಟುಕೊಂಡು ಫಿಲ್ಟರ್ ಬಾಯಿಗೆ ಸುತ್ತಿಕೊಂಡಿತು. ಪಾಲಕ್ ಅದಕ್ಕಿಂತ ಕಷ್ಟ. ಬಿಸಿನೀರಿಗೆ ಅದ್ದಿದ ಎಲೆ ಬಟ್ಟೆ ತುಂಡಿನ ಹಾಗೆ ಟ್ಯಾಂಕ್ ತುಂಬಾ ಓಡಾಡಿತು. ಎರಡಕ್ಕೂ ಎರಡು ವಾರ ಕೊಡುವ ತಾಳ್ಮೆ ನನಗಿರಲಿಲ್ಲ.

ಸಿಹಿಕುಂಬಳಕ್ಕೆ ಬಂದದ್ದು ಆಕಸ್ಮಿಕ. ಹುಳಿಗೆ ಹೆಚ್ಚಿದ್ದರಲ್ಲಿ ಒಂದು ಹೋಳು ಉಳಿದಿತ್ತು. ಸಿಪ್ಪೆ ತೆಗೆದು, ಉಪ್ಪು ಹಾಕದೆ ನಾಲ್ಕು ನಿಮಿಷ ಕುದಿಸಿ, ಆರಿಸಿ ಹಾಕಿದೆ. ತಾನಾಗಿ ಮುಳುಗಿತು. ಫೋರ್ಕ್ ಬೇಕಿಲ್ಲ. ಮೊದಲ ರಾತ್ರಿ ಹತ್ತಿರ ಬಂದು ಮೂತಿ ತಾಗಿಸಿ ಹೋದವು. ಎರಡನೇ ರಾತ್ರಿಯೂ ಅಷ್ಟೇ. ಹೊಸ ಸೊಸೆ ಮಾಡಿದ ಸಾರಿನ ಹಾಗೆ, ಯಾರೂ ಕೆಟ್ಟದು ಅನ್ನಲಿಲ್ಲ, ಯಾರೂ ಎರಡನೇ ಸಲ ಹಾಕಿಸಿಕೊಳ್ಳಲೂ ಇಲ್ಲ. ಮೂರನೇ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬಿಟ್ಟರೆ ಎರಡೂ ಒಂದೇ ಹೋಳಿಗೆ ಅಂಟಿಕೊಂಡಿದ್ದವು. ದೊಡ್ಡದು ಬಾಲ ಬೀಸಿ ಚಿಕ್ಕದನ್ನು ತಳ್ಳುತ್ತಿತ್ತು. ಬೆಳಿಗ್ಗೆ ಹೋಳಿನ ನಡುವೆ ಬಟ್ಟಲಿನಂಥ ಗುಳಿ, ಕಾಯಿ ತುರಿದ ಚಿಪ್ಪಿನ ಹಾಗೆ ಅಂಚು ಮಾತ್ರ ಉಳಿದಿತ್ತು.

ಮಧ್ಯಾಹ್ನ ನೋಡಿದರೆ ಟ್ಯಾಂಕ್ ತಳದ ತುಂಬಾ ಕಿತ್ತಳೆ ಬಣ್ಣದ ಶಾವಿಗೆ! ಗಾಬರಿಯಾಯಿತು. ಏನೂ ಇಲ್ಲ, ಅದು ಹಿಕ್ಕೆ. ಇವು ತಿಂದ ಬಣ್ಣದಲ್ಲೇ ಹೊರಗೆ ಹಾಕುತ್ತವೆ. ಸೌತೆ ತಿಂದ ದಿನ ಪೇಲವ, ವೇಫರ್ ತಿಂದ ದಿನ ಕಡು ಹಸಿರು. ಯಾರು ಏನು ತಿಂದರು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಈ ಮೀನು ಟ್ಯಾಂಕ್ ಸ್ವಚ್ಛ ಮಾಡುತ್ತದೆ ಅನ್ನುವವರು ಒಂದು ದಿನ ಈ ಶಾವಿಗೆ ಎಳೆದು ತೆಗೆಯಲಿ.

ಎರಡು ವಾರ ಕುಂಬಳ ತಿಂದ ಮೇಲೆ ಹೊಟ್ಟೆ ದುಂಡಗಾಗಿತ್ತು, ನೀರು ತಿಳಿಯಾಗಿಯೇ ಇತ್ತು. ಕುಂಬಳ ಗಟ್ಟಿ, ಸೌತೆಯಷ್ಟು ಬೇಗ ಕರಗಲ್ಲ. ಒಮ್ಮೆ ಮಾತ್ರ ಫೋನ್‌ನಲ್ಲಿ ಮಾತಾಡುತ್ತಾ ಒಲೆಯ ಮೇಲೆ ಮರೆತೆ. ಅದು ಗೊಜ್ಜಾಗಿ, ಆ ಗೊಜ್ಜು ಫಿಲ್ಟರ್ ಸ್ಪಂಜ್ ಸೇರಿತು. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು, ಹಿಸುಕಿ ಹೋಗಬಾರದು. ಪಲ್ಯದ ಹದಕ್ಕಿಂತ ಒಂದು ನಿಮಿಷ ಮೊದಲು. ಒಂದು ಹೋಳು ತಂದರೆ ಚೂರು ಮಾಡಿ, ಕುದಿಸಿ, ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿಡುತ್ತೇನೆ. ಒಂದು ತಿಂಗಳಿಗೆ ಆಗುತ್ತದೆ, ಖರ್ಚು ಅಂತ ಲೆಕ್ಕಕ್ಕೇ ಬರಲ್ಲ.

ಇವೆಲ್ಲವನ್ನೂ ಮೀರಿಸಿದ್ದು ಒಂದಿದೆ, ಅಸಲಿ ಪಾಚಿ. ಟ್ಯಾಂಕ್ ನೀರನ್ನೇ ಅಗಲ ಟಬ್‌ಗೆ ಹಾಕಿ, ನುಣುಪು ಕಲ್ಲು ಜೋಡಿಸಿ ಟೆರೇಸ್ ಮೇಲೆ ಬಿಸಿಲಿಗಿಟ್ಟೆ. ಹತ್ತು ಹನ್ನೆರಡು ದಿನಕ್ಕೆ ಕಲ್ಲಿಗೆ ಹಸಿರು ಮಖಮಲ್ ಬಂತು. ಅದನ್ನು ಟ್ಯಾಂಕಿಗೆ ಇಳಿಸಿದಾಗ ಮೊದಲ ಸಲ ಇವು ಹಗಲಲ್ಲೇ ಗೂಡು ಬಿಟ್ಟು ಬಂದವು. ಸಂಜೆಯೊಳಗೆ ಕಲ್ಲು ಬೋಳು. ಹನ್ನೆರಡು ದಿನದ ಬೆಳೆ ಅರ್ಧ ದಿನಕ್ಕೆ ಖಾಲಿ ಅಂದರೆ ಯಾವ ರೈತನಿಗೆ ಗಿಟ್ಟುತ್ತದೆ? ಅಷ್ಟರಲ್ಲಿ ಲಾರ್ವಾ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಟೆರೇಸ್ ಹತ್ತಿದರು. ಟಬ್‌ನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. "ಏನಕ್ಕಾ ಇದು, ಡೆಂಗ್ಯೂ ಬೆಳೀತಿದೀರಾ?" ಅಂದರು. ತಲೆ ತಗ್ಗಿಸಿ ಟಬ್ ಬೋರಲು ಹಾಕಿದೆ. ಈಗ ಮಾಡುವುದಾದರೆ ಸೊಳ್ಳೆ ಪರದೆಯ ತುಂಡು ಬಿಗಿದು ಕಟ್ಟಿ ಮಾಡುತ್ತೇನೆ, ಅದೂ ತಿಂಗಳಿಗೊಮ್ಮೆ, ಹಬ್ಬದಡುಗೆಯ ಹಾಗೆ.

ಇನ್ನೊಂದು ಮಾತು. ಈ ಹೋಲಿಕೆ ಬ್ರಿಸಲ್‌ನೋಸ್‌ಗೆ ಮಾತ್ರ. ಕ್ಯಾತ್ಸಂದ್ರದಲ್ಲಿರುವ ಅಣ್ಣನ ಮನೆಯಲ್ಲಿ ಚಿನ್ನದ ಬಣ್ಣದ ಚೈನೀಸ್ ಆಲ್ಗೀ ಈಟರ್ ಇದೆ. ಹೆಸರಲ್ಲೇ ಪಾಚಿ ಇದ್ದರೂ ಅದು ದೊಡ್ಡದಾಗುತ್ತಾ ಪಾಚಿ ಬಿಟ್ಟು ಬೇರೆ ಮೀನುಗಳ ಮೈ ಮೇಲಿನ ಲೋಳೆ ಹೀರಲು ಹೋಗುತ್ತದೆ. ನನ್ನ ಕುಂಬಳದ ಹೋಳು ಅಲ್ಲಿ ಎರಡು ದಿನ ಅನಾಥವಾಗಿ ಬಿದ್ದಿತ್ತು. ವೇಫರ್ ಹಾಕಿದರೆ ಅದೇ ಮೊದಲು ಓಡಿ ಬರುತ್ತದೆ.

ನಮ್ಮಲ್ಲಿ ಈಗ ವಾರಕ್ಕೆ ಮೂರು ರಾತ್ರಿ ಕುಂಬಳ, ಎರಡು ರಾತ್ರಿ ವೇಫರ್, ಒಂದು ರಾತ್ರಿ ಉಪವಾಸ. ಉಳಿದ ದಿನ ಕೋಸಂಬರಿ ಮಾಡಿದ್ದರೆ ಒಂದು ಬಿಲ್ಲೆ ಸೌತೆಕಾಯಿ. ಡ್ರಿಫ್ಟ್‌ವುಡ್, ಅಂದರೆ ಟ್ಯಾಂಕಿನಲ್ಲಿ ಇಡುವ ಮರದ ತುಂಡು, ಒಂದು ಕಾಯಂ ಇರುತ್ತದೆ, ಬೇಜಾರಾದಾಗ ಅದನ್ನೂ ತುರಿಯುತ್ತವೆ. ಊರಿಗೆ ಹೋಗುವಾಗ ವೇಫರನ್ನು ದಿನಕ್ಕೊಂದರಂತೆ ಕಾಗದದಲ್ಲಿ ಕಟ್ಟಿ ಪಕ್ಕದ ಮನೆಯವರಿಗೆ ಕೊಟ್ಟರೆ ಸಾಕು. ಕುಂಬಳ ಬೇಯಿಸಿ ಹಾಕಿ ಅಂತ ಯಾರಿಗೆ ಹೇಳಲಿ?

ಹೋದ ವಾರ ದೊಡ್ಡ ತುರಿಮಣೆ ಕುಂಬಳಕ್ಕೂ ಬರಲಿಲ್ಲ, ವೇಫರ್‌ಗೂ ಬರಲಿಲ್ಲ. ಖಾಯಿಲೆ ಅಂತ ಹೆದರಿ ಚಿಪ್ಪಿನೊಳಗೆ ಟಾರ್ಚ್ ಬಿಟ್ಟೆ. ಹಿಂಭಾಗದಲ್ಲಿ ಸಾಬಕ್ಕಿಯಂಥ ಕಿತ್ತಳೆ ಮೊಟ್ಟೆಗಳ ಮುದ್ದೆ, ಬಾಗಿಲಲ್ಲಿ ರೆಕ್ಕೆ ಬೀಸುತ್ತಾ ಕಾವಲು ಕೂತ ಅಪ್ಪ. ಅತ್ತೆಗೆ ಕರೆದು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದರು. ಸಂಜೆ ಮಾರ್ಕೆಟ್‌ನಿಂದ ಬಂದಾಗ ಅವರ ಚೀಲದಲ್ಲಿ ಅರ್ಧ ಹೋಳಿನ ಬದಲು ಇಡೀ ಕುಂಬಳಕಾಯಿ ಇತ್ತು.